ಕಾಲಿಗೆ ಕೊಟ್ಟ ನೀರು

ಗಂಗಾವತಿಯ ನಮ್ಮ ಮನೆಯ ಹೊಸ್ತಿಲ ಮುಂದೆ ‘ಸುಸ್ವಾಗತ’ ಎಂದು ನೇಯ್ದ ಕಾಲೊರಸು ಒಂದು ಬಿದ್ದುಕೊಂಡಿದೆ. ಬಂದವರೆಲ್ಲ ನನ್ನ ಸ್ವಾಗತದ ಮೇಲೆ ಸಾವಕಾಶವಾಗಿ ಕಾಲು ಒರೆಸಿ ಒಳಗೆ ಬರುತ್ತಾರೆ. ನಾನೂ ಕುರ್ಚಿ ಬಿಟ್ಟು ಏಳುವ ಕಷ್ಟ ತೆಗೆದುಕೊಳ್ಳದೆ ‘ಬರ್ರಿ, ಬರ್ರಿ’ ಎನ್ನುತ್ತೇನೆ. ಕಾಲುವೆಯ ಕೃಪೆಯಿಂದ ಭತ್ತ ಬೆಳೆಯುವ ಊರಿನಲ್ಲಿ, ಸ್ಕೂಟರನ್ನು ಪೈಪು ಹಿಡಿದು ತೊಳೆಯುವ ನನ್ನಂಥವನ ಮನೆಯಲ್ಲಿ, ಅತಿಥಿಯ ಕಾಲಿಗೆ ಒಂದು ತಂಬಿಗೆ ನೀರು ಕೊಡುವ ಪದ್ಧತಿ ಯಾವಾಗ ನಿಂತುಹೋಯಿತೋ ನೆನಪಿಲ್ಲ. ನೀರಿಗಂತೂ ಬರವಿರಲಿಲ್ಲ, ಬರ ಬಿದ್ದದ್ದು ನನ್ನ ಸೌಜನ್ಯಕ್ಕೆ ಎಂದರೆ ನೀವು ನಂಬಬಹುದು, ನನ್ನ ಹೆಂಡತಿಯಂತೂ ನಂಬಿದ್ದಾಳೆ.

ಇದೇ ಜಿಲ್ಲೆಯ ಇನ್ನೊಂದು ಅಂಚಿನಲ್ಲಿ, ಯಲಬುರ್ಗಾ ತಾಲೂಕಿನ ಹಳ್ಳಿಯೊಂದರಲ್ಲಿ, ನನ್ನ ಅಕ್ಕ ನೀಲವ್ವ ಇದ್ದಾಳೆ. ಅವಳ ಅಂಗಳಕ್ಕೆ ಬಳೆಗಾರ ಬರಲಿ, ಕರೆಂಟಿನ ಮೀಟರು ನೋಡುವವನು ಬರಲಿ, ಮೊದಲು ಕಾಲಿಗೆ ಒಂದು ತಂಬಿಗೆ ನೀರು, ಆಮೇಲೆ ಚೂರು ಬೆಲ್ಲದ ಜೊತೆಗೆ ಕುಡಿಯಲು ನೀರು. ಯಾರು, ಎಲ್ಲಿಯವರು ಎಂಬ ವಿಚಾರಣೆಯೆಲ್ಲ ಅದಾದ ಮೇಲೆಯೇ. ಮನೆಗೆ ಕಳ್ಳ ಬಂದರೂ ಇವಳು ಕಾಲು ತೊಳೆಸಿಯೇ ಒಳಗೆ ಬಿಡುತ್ತಾಳೆಂದು ನಾವೆಲ್ಲ ಅವಳನ್ನು ಕಾಡಿಸುತ್ತಿದ್ದೆವು.

ಮಳೆ ಪೂರ್ತಿ ಕೈಕೊಟ್ಟ ವರ್ಷ ಆ ಊರಿನ ಕೊಳವೆಬಾವಿ ಗಾಳಿ ಉಗುಳತೊಡಗಿತು. ಹೆಂಗಸರು ದೂರದ ಹೊಲವೊಂದರ ಬೋರ್‌ವೆಲ್ಲಿನ ಮುಂದೆ ಕರೆಂಟಿಗಾಗಿ ಕಾದು, ಬಂದಷ್ಟು ನೀರು ಹೊತ್ತು ತರುತ್ತಿದ್ದರು. ಅಕ್ಕನ ಮೊಣಕಾಲು ಮೊದಲೇ ಅವಳ ಮಾತು ಕೇಳುತ್ತಿರಲಿಲ್ಲ. ತಲೆಯ ಮೇಲೊಂದು, ಸೊಂಟದ ಮೇಲೊಂದು ಕೊಡ ಹೊತ್ತು ಅವಳು ಕುಂಟುತ್ತ ಬರುತ್ತಿದ್ದಳು. ಊರಿಗೊಂದು ಟ್ಯಾಂಕರ್ ಬೇಕೆಂದು ಎಲ್ಲರೂ ಅರ್ಜಿ ಹಾಕಿದರು. ಬರ ನೋಡಲು ತಂಡವೊಂದು ಬರುತ್ತದೆ ಎಂಬ ಸುದ್ದಿಯೂ ಬಂತು.

ತಂಡ ಬಂದ ದಿನ ನಾನೂ ಅಲ್ಲಿದ್ದೆ. ಸಾಹೇಬರ ಬಟ್ಟೆಗೆ ಧೂಳು ಹತ್ತಬಾರದೆಂದು ಊರಿನವರು ಇದ್ದಬದ್ದ ನೀರನ್ನೆಲ್ಲ ತಂದು ರಸ್ತೆಗೆ ಚಿಮುಕಿಸಿದ್ದರು! ಬೆಳಗಿನಿಂದ ಹೊತ್ತು ತಂದ ನೀರನ್ನು ಅಕ್ಕ ಬಕೆಟ್ಟಿಗೆ ಸುರಿದು, ತಂಬಿಗೆ ತೇಲಿಬಿಟ್ಟು, ಬಾಗಿಲಲ್ಲಿ ಇಟ್ಟಿದ್ದಳು. ಸಾಹೇಬರು ಕಾಲು ತೊಳೆದರು, ಮುಖ ತೊಳೆದರು, ಬೆಲ್ಲ ತಿಂದು ನೀರು ಕುಡಿದರು, ತಣ್ಣಗಾಗಿ ಸುತ್ತ ನೋಡಿದರು.

“ಪರವಾಗಿಲ್ವೇ, ಇಲ್ಲಿ ನೀರಿಗೇನೂ ಅಂಥಾ ತೊಂದರೆ ಇಲ್ಲ ಅನ್ಸುತ್ತೆ” ಎಂದರು.

ನನ್ನ ಪಿತ್ತ ನೆತ್ತಿಗೇರಿತು. ಅದು ಉಪಚಾರದ ನೀರು, ಉಳಿಕೆಯ ನೀರಲ್ಲ ಎಂದು ನನ್ನ ಪಾಂಡಿತ್ಯವನ್ನೆಲ್ಲ ಕೂಡಿಸಿ ಅಚ್ಚುಕಟ್ಟಾದ ಭಾಷಣ ಮಾಡಿದೆ. ಅದು ಮುಗಿಯುವಷ್ಟರಲ್ಲಿ ಅವರ ಕಾಲೂ ಒಣಗಿತ್ತು, ಕಾರೂ ಹೊರಟಿತ್ತು. ಟ್ಯಾಂಕರ್ ಮಂಜೂರಾಗಲಿಲ್ಲ. ಒಬ್ಬರ ಮನೆಯಲ್ಲಿ ಕಾಲು ತೊಳೆದು, ತೊಳೆದ ಆ ನೀರನ್ನೇ ಅವರ ವಿರುದ್ಧ ಸಾಕ್ಷಿಗೆ ಹಿಡಿಯುವ ಈ ವಿವೇಕವನ್ನು ಯಾವ ಶಾಲೆಯಲ್ಲಿ ಕಲಿಸುತ್ತಾರೋ ನಾನರಿಯೆ. ಇವರ ಕಣ್ಣಿಗೆ ಬರ ಕಾಣಬೇಕಾದರೆ ಜನ ನಾಲಗೆ ಹೊರಚಾಚಿ ಬೀದಿಯಲ್ಲಿ ಬಿದ್ದಿರಬೇಕೇನು?

ಊರವರು ಮತ್ತೆ ಓಡಾಡಿ, ಮತ್ತೆ ಗೋಗರೆದು, ಇನ್ನೊಂದು ತಂಡ ಬರುವಂತೆ ಮಾಡಿದರು. ಈ ಸಲ ಅಕ್ಕನ ಪಕ್ಕದ ಮನೆಯ ದರ್ಜಿ ಖಾದರಸಾಬ್ ಮನೆಮನೆಗೂ ಹೋಗಿ ಹೇಳಿದ: “ಯಾರೂ ನೀರು ಕೊಡಬ್ಯಾಡ್ರಿ. ಹನಿ ನೀರು ಕಂಡ್ರೂ ಟ್ಯಾಂಕರ್ ಬರಂಗಿಲ್ಲ.”

ಅಕ್ಕ ಸಿಡುಕಿದಳು. “ಬಂದವರಿಗೆ ನೀರು ಇಲ್ಲ ಅನ್ನೂದಂದ್ರ ಹ್ಯಾಂಗೋ ಖಾದರ? ನನ್ನ ನಾಲಗಿ ಹೊಳ್ಳಂಗಿಲ್ಲ.”

“ಹೊಳ್ಳಿಸಬೇಕಬೇ ಯಕ್ಕಾ. ನಿನ್ನ ಮೊಣಕಾಲು ನೋಡ್ಕೊ, ಊರಾಗಿನ ಕೂಸು ನೋಡು” ಎಂದ ಅವನು. ಅಕ್ಕ ಬಕೆಟ್ಟು, ತಂಬಿಗೆಗಳನ್ನು ಅಡಿಗೆಮನೆಯ ಮೂಲೆಗೆ ಸರಿಸಿ ಮೇಲೊಂದು ಗೋಣಿಚೀಲ ಹೊದಿಸಿದಳು.

ಆ ದಿನವೂ ನಾನಲ್ಲೇ ಇದ್ದೆ. ಈ ಸಲ ತಂಡದೊಂದಿಗೆ ಬಂದವಳು ಎಳೆ ವಯಸ್ಸಿನ ಅಧಿಕಾರಿ. ಪಾಪ, ಅವಳು ಕಾರಿನಲ್ಲಿ ಕುಳಿತು ಬರ ನೋಡಲಿಲ್ಲ. ಬತ್ತಿದ ಕೊಳವೆಬಾವಿಯ ತನಕ, ದೂರದ ಆ ಹೊಲದ ತನಕ ಬಿಸಿಲಲ್ಲಿ ನಡೆದಳು. ಹಿಂತಿರುಗಿ ಅಕ್ಕನ ಕಟ್ಟೆಯ ಮೇಲೆ ಕುಳಿತಾಗ ಮುಖ ಕೆಂಪಾಗಿ, ತುಟಿ ಒಣಗಿತ್ತು. ಕೈಯಲ್ಲಿದ್ದ ಬಾಟಲಿ ಖಾಲಿ.

“ಅಮ್ಮಾ, ಕುಡಿಯೋಕೆ ಸ್ವಲ್ಪ ನೀರು ಸಿಗುತ್ತಾ?”

ಒಳಗೆ ಅರ್ಧ ಕೊಡ ನೀರಿತ್ತು. ಅದು ನನಗೂ ಗೊತ್ತು, ಖಾದರಸಾಬನಿಗೂ ಗೊತ್ತು. ಅಕ್ಕ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ನೆಲ ನೋಡುತ್ತ ನಿಂತಳು.

“ನೀರಿಲ್ಲ ಯವ್ವಾ.”

ಹುಡುಗಿ ತಲೆದೂಗಿದಳು, ಎದ್ದಳು, ಕೈಮುಗಿದು ಹೋದಳು. ಅಕ್ಕ ಅಂದು ಊಟ ಮಾಡಲಿಲ್ಲ. ನನಗೆ ಬಂದ ಸಿಟ್ಟನ್ನು ಯಾರ ಮೇಲೆ ಹಾಕಲಿ? ಬಂದವರಿಗೆ ನೀರು ಕೊಟ್ಟರೆ ನಿಮಗೆ ನೀರಿಲ್ಲ, ಇಲ್ಲವೆಂದರೆ ಮಾತ್ರ ಉಂಟು ಎಂಬ ಈ ನ್ಯಾಯವನ್ನು ಅವಳಿಗೆ ಕಲಿಸಿದವರು, ಅವಳು ಕೊಟ್ಟ ನೀರಿನಲ್ಲೇ ಕಾಲು ತೊಳೆದುಕೊಂಡು ಹೋದವರು. ಮಳೆ ಕೈಕೊಟ್ಟರೆ ಆಕಾಶದ ತಪ್ಪೆನ್ನೋಣ. ಇದು ಆಕಾಶದ ತಪ್ಪಲ್ಲ.

ಕೆಲವೇ ದಿನಗಳಲ್ಲಿ ಟ್ಯಾಂಕರ್ ಬಂತು. ಮುಂದೆ ನಾನು ಹೋದಾಗ ಅದು ಓಣಿಯ ತಿರುವಿನಲ್ಲೇ ನಿಂತಿತ್ತು. ಕೊಡಗಳ ಸಾಲಿನಲ್ಲಿ ಅಕ್ಕನೂ ಇದ್ದಳು. ಅವಳ ಮೊಣಕಾಲಿಗೆ ಆ ದೂರದ ನಡಿಗೆ ತಪ್ಪಿತಲ್ಲ ಎಂಬ ಸಂತೋಷಕ್ಕೆ ನಾನು, “ನೋಡಕ್ಕಾ, ಕಡೀಗೂ ಬಂತಲ್ಲ ನೀರು” ಎಂದೆ.

ಅವಳು ಪೈಪಿನ ಬಾಯಿಗೆ ಕೊಡ ಹಿಡಿದಳು.

“ಬಂತೋ ತಮ್ಮಾ. ಆ ಹುಡುಗಿ ಬಾಯಾಗಿಂದು ಕಸಗೊಂಡು ತುಂಬ್ಕೊಳ್ಳಾಕತ್ತೀನಿ.”