ಒಂದೇ ಉಂಡಿಯ ಪಂಚಮಿ

ಶೆಟ್ಟಿಹಳ್ಳಿಯ ಬಾಡಿಗೆ ಮನೆಯಲ್ಲಿ ಅತ್ತೆ ನಿಂಗವ್ವ ಲಕ್ವಾ ಹೊಡೆದು ಹಾಸಿಗೆ ಹಿಡಿದು ಆರು ವರ್ಷವಾಗಿತ್ತು. ಆ ಆರು ವರ್ಷದಲ್ಲಿ ಸೊಸೆ ಶರಣವ್ವ ರಾಣೆಬೆನ್ನೂರು ಕಡೆಯ ತನ್ನ ತವರಿಗೆ ಒಂದು ಸಲವೂ ನಾಗರ ಪಂಚಮಿಗೆ ಹೋಗಿರಲಿಲ್ಲ. ಗಂಡ ವೀರಬಸಪ್ಪನಿಗೆ ಜಾಲಹಳ್ಳಿಯ ಫ್ಯಾಕ್ಟರಿಯಲ್ಲಿ ಶಿಫ್ಟು. ಅತ್ತೆಗೆ ಗಂಜಿ ಕುಡಿಸುವುದು, ಬಟ್ಟೆ ಬದಲಿಸುವುದು, ಬೆನ್ನು ಹುಣ್ಣಾಗದಂತೆ ಮಗ್ಗುಲು ಹೊರಳಿಸುವುದು ಎಲ್ಲ ಇವಳದೇ.

ನಾದಿನಿ ಗುರುಬಸವ್ವನ ಪಂಚಮಿ ಮಾತ್ರ ತಪ್ಪಿದ್ದೇ ಇಲ್ಲ. ಅವ್ವ ಇದ್ದಲ್ಲೇ ತವರು ಎಂದು ಬಿಜಾಪುರದಿಂದ ಬರುವಳು, ಐದು ಬಗೆಯ ಉಂಡಿ ತಿಂದು ಡಬ್ಬಿ ತುಂಬಿಸಿಕೊಳ್ಳುವಳು, ಅವ್ವನ ಕಾಲ ಬಳಿ ಕುಳಿತು ಒಂದಿಷ್ಟು ಅತ್ತು ಹೋಗುವಳು. ಅತ್ತರೆ ದುಪ್ಪಟಿ ಒಗೆದಂತಾಯಿತೇ?

೧೯೮೩ರ ಆಷಾಢದಲ್ಲೇ ಶರಣವ್ವ ಗಂಡನಿಗೆ ಹೇಳಿದಳು. "ನಿಮ್ಮ ತಂಗಿಗೆ ಬರೀರಿ. ಈ ಸಲ ಶೇಂಗಾ ಉಂಡಿ ಒಂದ. ಬಂದಾಕಿ ನಾಕ ದಿನ ಅತ್ತೀನ ನೋಡ್ಕೊಳ್ಳಲಿ, ನಾ ತವರಿಗೆ ಹೋಗಿ ಬರ್ತೀನಿ."

"ಹಬ್ಬಕ್ಕ ಬರೋ ಹೆಣ್ಮಗಳಿಗೆ ಹಂಗ ಬರೀತಾರೇನು?" ಎಂದು ಅವನು ಜಾರಿಕೊಂಡ.

ನಾಲ್ಕನೇ ಇಯತ್ತೆ ಓದಿದ ಶರಣವ್ವ ತಾನೇ ಕಾರ್ಡು ಬರೆದು ಹಾಕಿದಳು. ಉತ್ತರ ಬರಲಿಲ್ಲ. ನಾದಿನಿ ಸಿಟ್ಟಾಗಿ ಬಾರದೇ ಹೋದರೆ ಈ ವರ್ಷದ ತವರೂ ಹೋದಂತೆಯೇ ಎಂದು ಅವಳಿಗೆ ಹೆದರಿಕೆಯಾಯಿತು.

ಗುರುಬಸವ್ವ ಬಂದಳು, ಮುಖ ಊದಿಸಿಕೊಂಡು. ಡಬ್ಬಿಯ ಮುಚ್ಚಳ ತೆಗೆದು ನೋಡಿದಳು. "ಒಂದ ನಮೂನಿ? ನಮ್ಮವ್ವ ಎಷ್ಟ ನಮೂನಿ ಕಟ್ಟತಿದ್ಲು!"

ಶರಣವ್ವ ಬಾಯಿ ತೆರೆಯುವ ಮೊದಲೇ ಮಂಚದ ಮೇಲಿಂದ ನಿಂಗವ್ವನ ತೊದಲು ದನಿ ಬಂತು.

"ಆಗ... ನನ್ನ ಮನ್ಯಾಗ... ಹಾಸಿಗಿ ಹಿಡದಾಕಿ ಯಾರೂ ಇರಲಿಲ್ಲವ್ವ."

ಅತ್ತೆ ತನ್ನ ಪರವಾಗಿ ಆಡಿದ ಮೊದಲ ಮಾತು ಅದು. ಶರಣವ್ವನಿಗೆ ಅಳು ಬಂತು. ಗುರುಬಸವ್ವ ಡಬ್ಬಿ ಮುಚ್ಚಿಟ್ಟು ಅವ್ವನ ಮಂಚದ ಬಳಿ ಹೋದಳು. "ಗಂಜಿ ಎಷ್ಟೊತ್ತಿಗೆ ಕುಡಸಬೇಕು, ವೈನಿ?" ಎಂದು ಕೇಳಿದಳು.

ಮರುದಿನ ಶರಣವ್ವ ಯಶವಂತಪುರದಲ್ಲಿ ರೈಲು ಹತ್ತಿದಳು. ತವರಲ್ಲಿ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ಅವ್ವ ಐದು ಬಗೆಯ ಉಂಡಿ ಕಟ್ಟಿ ಕಾಯುತ್ತಿದ್ದಳು. ಪಂಚಮಿಯ ದಿನ ನಾಗಪ್ಪನಿಗೆ ಹಾಲೆರೆದು ಬಂದ ಶರಣವ್ವ, ಸ್ವಲ್ಪ ಅಡ್ಡಾಗುತ್ತೇನೆಂದು ಪಡಸಾಲೆಯಲ್ಲಿ ಒರಗಿದಳು. ಎದ್ದದ್ದು ಮರುದಿನ, ಜೋಕಾಲಿಯ ಹಗ್ಗ ಬಿಚ್ಚುವ ಹೊತ್ತಿಗೆ.

"ಹಬ್ಬಾನ ಮುಗೀತಲ್ಲ! ಎಬ್ಬಿಸಬಾರದೇನವ್ವಾ?"

"ನಿದ್ದಿಗಣ್ಣಾಗ ನಾಕ ಸಲ ಎದ್ದು ಕುಂತು, 'ಅತ್ತಿ, ಮಗ್ಗಲಾ ಬದಲಸ್ಲೇನ್ರಿ' ಅಂದಿ" ಎಂದಳು ಅವಳ ಅವ್ವ. "ಹೆಂಗ ಎಬ್ಬಸ್ಲಿ?"