ಕಣ್ಣೆದುರಿದ್ದೂ ಸಿಗದ ಧಾರೆ

ಊರಿನ ದೈವ ಕೊರಗಜ್ಜನಿಗೆ ಚಕ್ಕುಲಿ ಹರಕೆ ಹೇಳಿಕೊಂಡು ಈ ಪರವೂರಿನಲ್ಲಿ ಬದುಕುತ್ತಿರುವ ನಮ್ಮವರು ಇದನ್ನು ಓದಬೇಕು.

ಕಳೆದ ಮೇ ತಿಂಗಳಲ್ಲಿ ಥಾಣೆಯ ವಾಗ್ಳೆ ಎಸ್ಟೇಟ್ ಹತ್ತಿರದ ಮದುವೆ ಹಾಲ್‌ನಲ್ಲಿ ನಮ್ಮೂರ ಸಂಜೀವಣ್ಣನ ಮಗಳು ಸುಪ್ರಿಯಾಳ ಮದುವೆ. ವಿಡಿಯೋ ನನ್ನದು. ಧಾರೆಯ ಹೊತ್ತಿಗೇ ನನ್ನ ಕ್ಯಾಮರಾ ಕೈಕೊಟ್ಟಿತು. ಜೊತೆಗಿರಲಿ ಎಂದು ಬಾಡಿಗೆಗೆ ತಂದಿದ್ದ ಇನ್ನೊಂದರಲ್ಲಿ ಹಿಡಿದೆ. ವಾರ ಕಳೆಯುವುದರೊಳಗೆ ಸಂಜೀವಣ್ಣ ಎದೆನೋವಿನಿಂದ ತೀರಿಕೊಂಡರು.

ಸೀವುಡ್ಸಿನ ಗಂಡನ ಮನೆಯಿಂದ ಸುಪ್ರಿಯಾ ಫೋನ್ ಮಾಡಿದಳು. "ಮಾಮಾ, ಧಾರೇಲಿ ಪಪ್ಪ ನನ್ ಕಿವೀಲಿ ಏನೋ ಹೇಳಿದ್ರು. ವಾಲಗದ ಗಲಾಟೇಲಿ ಕೇಳ್ಲೇ ಇಲ್ಲ. ಆವಾಜ್ ಬಂದಿದೆ ಅಲ್ಲಾ?"

"ಬಂದಿದೆ ಮಗಾ" ಎಂದುಬಿಟ್ಟೆ.

ಡೊಂಬಿವಿಲಿಯ ನನ್ನ ಅಂಗಡಿಯಲ್ಲಿ ಕೂತು ನೋಡಿದರೆ, ಆ ಫೈಲಿನ ಫಾರ್ಮ್ಯಾಟೇ ಬೇರೆ. ಎಡಿಟಿಂಗ್ ಕಂಪ್ಯೂಟರ್ ಅದನ್ನು ಮುಟ್ಟಲಿಲ್ಲ. ಕನ್ವರ್ಟ್ ಮಾಡಲು ನನ್ನಲ್ಲಿದ್ದ ಹಳೆಯ ಸಾಫ್ಟ್‌ವೇರಿಗೆ ಹಾಕಿದರೆ "ಫೈಲ್ ಸಿಗುತ್ತಿಲ್ಲ" ಎನ್ನುತ್ತದೆ. ಫೋಲ್ಡರಿನಲ್ಲಿ ಕಣ್ಣೆದುರೇ ಇದೆ! ಕ್ಯಾಮರಾ ಬಾಡಿಗೆಗೆ ಕೊಟ್ಟವನು ಅದರ ಕಾರ್ಡನ್ನು ಆಗಲೇ ಅಳಿಸಿದ್ದ. ವಾಶಿಯ ಕಂಪ್ಯೂಟರ್ ರಿಪೇರಿಯವನು ಫೋನಿನಲ್ಲೇ, "ಫೈಲ್ ಗಯಾ ಅಣ್ಣಾ, ಭೂಲ್ ಜಾವ್" ಎಂದು, ಮರೆತುಬಿಡಲು ಹೇಳಿದ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ದುಡಿದವನು ನಾನು. ಮಾತಿಗೆ ತಪ್ಪಿದವನಲ್ಲ ಎಂಬ ಹೆಸರೊಂದೇ ನನ್ನ ಸಂಪಾದನೆ. ದಿನವೂ ಅದೇ ಫೈಲನ್ನು ಮತ್ತೆ ಮತ್ತೆ ಹಾಕಿ ನೋಡುತ್ತಿದ್ದೆ.

ಒಂದು ಬೆಳಿಗ್ಗೆ ನನ್ನ ಹೆಂಡತಿ ಶಶಿ ಬಂದು ಹಿಂದೆ ನಿಂತಳು. ಕಲ್ಯಾಣ್‌ನ ಮರಾಠಿ ಶಾಲೆಯಲ್ಲಿ ಓದಿದವಳು.

"ಸಿಗುದಿಲ್ಲ ಅಂತ ಅದೇ ಹೇಳ್ತಾ ಉಂಟಲ್ಲ. ಕಳೆದದ್ದನ್ನು ಹುಡುಕಿ ಕೊಡುದು ಯಾರು? ಕೊರಗಜ್ಜ ಅಲ್ವಾ? ಅಜ್ಜನ ಹೆಸ್ರಲ್ಲೇ ಒಂದು ಫೋಲ್ಡರ್ ಮಾಡಿ, ಅದ್ರಲ್ಲಿಡಿ."

ಕೀಬೋರ್ಡನ್ನು ಅವಳತ್ತ ಸರಿಸಿದೆ. "ನೀನೇ ಮಾಡು" ಎಂದೆ.

"ನಂಗೆ ಕನ್ನಡ ಬರೀಲಿಕ್ಕೆ ಎಲ್ಲಿ ಬರ್ತದೆ ಮಾರಾಯ್ರೇ? ಇಂಗ್ಲಿಷಲ್ಲೇ ಹಾಕ್ತೇನೆ. ಅಜ್ಜ ಬೇಜಾರು ಮಾಡ್ಲಿಕ್ಕಿಲ್ಲ."

ಫೈಲನ್ನು ಅದರೊಳಗಿಟ್ಟು, ಚಕ್ಕುಲಿ, ವೀಳ್ಯದ ಹರಕೆ ಹೇಳಿ ಬಟನ್ ಒತ್ತಿದೆವು. ಕನ್ವರ್ಟ್ ಆಗತೊಡಗಿತು! ಆವಾಜಿನ ಸಮೇತ ಧಾರೆ ಪೂರ್ತಿ ಬಂತು. ಶಶಿ ಕೈ ಮುಗಿದಳು. ನಾನು ಸುಪ್ರಿಯಾಳಿಗೆ ಫೋನ್ ಮಾಡಿದೆ.

ವಾಶಿಯವನು ಆಮೇಲೆ ನಕ್ಕ. ಆ ಹಳೆಯ ಸಾಫ್ಟ್‌ವೇರಿಗೆ ಇಂಗ್ಲಿಷ್ ಬಿಟ್ಟು ಬೇರೆ ಅಕ್ಷರ ಓದಲು ಬಾರದಂತೆ. ಮೊದಲಿನ ಫೋಲ್ಡರಿಗೆ ನಾನು ಅಭಿಮಾನದಿಂದ ಅಚ್ಚ ಕನ್ನಡದಲ್ಲಿ "ಸಂಜೀವಣ್ಣನ ಮನೆ ಮದುವೆ" ಎಂದು ಬರೆದಿದ್ದೆ. ಇರಲಿ, ಅವನು ಹೇಳಿದ್ದು ಸರಿಯೇ. ಆದರೆ ಆ ಹೊತ್ತಿನಲ್ಲಿ, ಕನ್ನಡ ಬರೆಯಲು ಬಾರದವಳ ಕೈಗೆ ಕೀಬೋರ್ಡ್ ಕೊಡಿಸಿದ್ದು ಯಾರು?

ಸುಪ್ರಿಯಾ ಬಂದು ಇಯರ್‌ಫೋನ್ ಹಾಕಿಕೊಂಡಳು. ವಾಲಗದ ನಡುವೆ ಸಂಜೀವಣ್ಣನ ಸ್ವರ: "ಅಳಬೇಡ ಮಗಾ. ಸೀವುಡ್ಸ್ ಏನು ಪರದೇಶವಾ? ಥಾಣೆಯಿಂದ ಒಂದೇ ಗಾಡಿ." ಹುಡುಗಿ ನಗುತ್ತಲೇ ಅತ್ತಳು. ಹರಕೆಯ ಚಕ್ಕುಲಿಯನ್ನು ಅವಳ ಕೈಗಿಟ್ಟೆ.

ಅಜ್ಜಾ, ನಿನ್ನ ಹೆಸರನ್ನು ಯಾವ ಅಕ್ಷರದಲ್ಲಿ ಬರೆದರೂ ನೀನು ಓ ಎನ್ನುತ್ತೀ.