ಸೆರಗಿಗೆ ಕೈ ಹೋದಾಗ

ರಾಜಕಾರಣಿಗಳ ಬಾಯಿ ಮುಚ್ಚಿಸುವುದರಲ್ಲಿ ಹೊಸಪೇಟೆಯಲ್ಲಿ ನನ್ನನ್ನು ಮೀರಿಸಿದವರಿಲ್ಲ. ನಾನು ಮೈಕ್ ಸೆಟ್ಟಿನವನು. ನಲವತ್ತು ವರ್ಷದಿಂದ ಸಂಡೂರಿನಿಂದ ಕಂಪ್ಲಿಯವರೆಗೆ ಎಲ್ಲ ಪಕ್ಷಗಳ ಸಭೆಗೂ ನನ್ನದೇ ಮೈಕು. ವೇದಿಕೆಯ ಮೇಲೆ ಯಾರು ಎಷ್ಟೇ ಗುಡುಗಲಿ, ಅವರ ದನಿ ನನ್ನ ಎರಡು ಬೆರಳಿನ ನಡುವೆ ಇರುತ್ತದೆ. ಗುಂಡಿ ಎಡಕ್ಕೆ ತಿರುಗಿಸಿದರೆ ಎಂಥ ಹುಲಿಯೂ ನೀರೊಳಗಿನ ಮೀನಿನಂತೆ ಬರೀ ಬಾಯಿ ಆಡಿಸುತ್ತದೆ.

ಸಂಡೂರಿನಲ್ಲಿ ಒಮ್ಮೆ ಜೇನಿನಂಥ ಮಾತಿನ ನಾಯಕರೊಬ್ಬರು "ನನ್ನ ತಾಯಂದಿರೇ, ನನ್ನ ದೇವರುಗಳೇ" ಎಂದು ಮುಕ್ಕಾಲು ಗಂಟೆ ಕೈಮುಗಿದು ಮಾತಾಡಿ ಕುಳಿತರು. ಅವರ ಮುಂದಿನ ಮೈಕಿಗೆ ಇನ್ನೂ ಜೀವ ಇತ್ತು. ಅವರು ಪಕ್ಕದವನ ಕಿವಿಗೆ ಬಗ್ಗಿದ್ದನ್ನು ಕಂಡು ನಾನು ಗುಂಡಿಯನ್ನು ತುಸು ಬಲಕ್ಕೆ ತಿರುಗಿಸಿದೆ, ಅಷ್ಟೇ.

"ಈ ಹಾಟ್ಯಾನ್ ಮಕ್ಳಿಗೆ ಉಣ್ಣಾಕಿಕ್ಕಿ ಜಲ್ದಿ ಕಳಸಲೇ, ಬೆವರು ನಾತ ಹೊಡಿಯಾಕತ್ತೈತಿ!"

ಇಡೀ ಮೈದಾನಕ್ಕೆ ಕೇಳಿಸಿತು. ಹಂಪಿಯ ಬಂಡೆಗಳೂ ಎದ್ದು ಕುಂತವು ಎಂದು ನಾನು ಇಂದಿಗೂ ಹೇಳುತ್ತೇನೆ. ನನ್ನ ಹಾರ್ನುಗಳ ತಾಕತ್ತು ಗೊತ್ತಿದ್ದವರು ನಂಬುತ್ತಾರೆ.

ಆದರೆ ನಾನು ಮನಸಾರೆ ಮೆಚ್ಚಿದ್ದು ಇನ್ನೊಂದು ಬಾಯಿಯನ್ನು. ಆಕೆ ಕಂಪ್ಲಿ ಕಡೆಯವಳು. ಭತ್ತದ ಗದ್ದೆಯಲ್ಲಿ ನಾಟಿ ಹಚ್ಚುವ ಕೂಲಿಯಿಂದ ತಾಲ್ಲೂಕು ಪಂಚಾಯಿತಿ ಸದಸ್ಯತ್ವದವರೆಗೆ ಏರಿದವಳು. ನನಗಿಂತ ಹತ್ತು ವರ್ಷ ಚಿಕ್ಕವಳಾದರೂ ಊರಿನವರ ಜೊತೆ ನಾನೂ ಅವ್ವ ಎನ್ನುತ್ತೇನೆ. ಮನೆಗೆ ಬಂದವರನ್ನು ಬೆಣ್ಣೆಯಂತೆ ಮಾತಾಡಿಸುವ ಆ ಬಾಯಿ ಮೈಕು ಕಂಡರೆ ಮೆಣಸಿನಕಾಯಿ. ಸಚಿವರು ಪಕ್ಕದಲ್ಲೇ ಇದ್ದರೂ "ಬಾಡ್ಯಾ" ಎಂದೇ ಶುರು. ಬೆನ್ನ ಹಿಂದೆ ಆಡುವ ಅಭ್ಯಾಸ ಆಕೆಗೆ ಇಲ್ಲವೇ ಇಲ್ಲ.

ಪಕ್ಷದ ಹಿರಿಯರಿಗೆ ಇದು ಮುಜುಗರ. ನನ್ನನ್ನು ಕರೆದು, "ಆಕಿ ಬೈಯೋ ಹೊತ್ತಿಗೆ ಸರಿಯಾಗಿ ಮೈಕ್ ಬಂದ್ ಮಾಡು" ಎಂದರು. ಬೈಗುಳ ಬರುವುದು ಮೊದಲೇ ಗೊತ್ತಾಗುವುದು ಹೇಗೆ? ಅಲ್ಲೇ ಇರುವುದು ನನ್ನ ಜಾಣತನ. ಬೈಯುವ ಮುಂಚೆ ಆಕೆಯ ಬಲಗೈ ಸೆರಗಿಗೆ ಹೋಗುತ್ತದೆ. ಎಳೆದು ಸೊಂಟಕ್ಕೆ ಸಿಕ್ಕಿಸಿಕೊಂಡಳೆಂದರೆ ಮುಂದಿನದು ಬೈಗುಳವೇ. ಕೈ ಸೆರಗು ಮುಟ್ಟುತ್ತಿದ್ದಂತೆ ನಾನು ಗುಂಡಿ ತಿರುಗಿಸುತ್ತಿದ್ದೆ.

ಆದರೆ ಜನ ನನ್ನ ಅಪ್ಪಂದಿರು. ಮೈಕು ನಿಂತ ಕ್ಷಣ ಅವರೇ ಒಟ್ಟಾಗಿ ಆಕೆಯ ಎಂದಿನ ಬೈಗುಳ ಕೂಗಿ ತುಂಬಿಸತೊಡಗಿದರು. ಒಂದು ಬಾಯಿಂದ ಬರಬೇಕಾದ್ದು ಐನೂರು ಬಾಯಿಂದ ಬರುತ್ತಿತ್ತು. ಹಿರಿಯರು ಹಣೆ ಹಣೆ ಚಚ್ಚಿಕೊಂಡರು. ನಾನು ಒಳಗೊಳಗೇ ನಕ್ಕು ಕೆಲಸ ಮುಂದುವರಿಸಿದೆ.

ಹೀಗಿರುವಾಗ ಕಾಲುವೆಯ ಕೊನೆಯ ಊರುಗಳಿಗೆ ನೀರು ಬರಲಿಲ್ಲ. ನಾಟಿಗೆ ಬೆಳೆಸಿದ ಸಸಿ ಮಡಿಯಲ್ಲೇ ಹಳದಿಯಾಗುತ್ತಿತ್ತು. ಅವ್ವ ಹೆಂಗಸರನ್ನು ಕಟ್ಟಿಕೊಂಡು ಹೋಗಿ ಕಾಲುವೆಯ ಇಂಜಿನಿಯರನ್ನು ದಾರಿಯಲ್ಲೇ ನಿಲ್ಲಿಸಿದಳು. ಸಿಕ್ಕಾಪಟ್ಟೆ ಬೈದು ಕೊನೆಗೆ, "ನಿಮ್ಮವ್ವ ಏನ್ ತಿಂದ್ ಹಡದಾಳಲೇ ನಿನ್ನ!" ಎಂದಳು. ಮರುದಿನ ನೀರು ಬಂತು. ಅದರ ಮರುದಿನ ಇಂಜಿನಿಯರ ದೂರೂ ಬಂತು. ಆತನ ತಾಯಿ ತೀರಿಕೊಂಡು ಆಗ ತಿಂಗಳೂ ಆಗಿರಲಿಲ್ಲ.

ಹಿರಿಯರು ಕಡ್ಡಿ ಮುರಿದಂತೆ ಹೇಳಿದರು: ಸಭೆಯಲ್ಲಿ ಎಲ್ಲರೆದುರು ಕ್ಷಮೆ ಕೇಳಬೇಕು. ಇಲ್ಲವಾದರೆ ಈ ಸಲದ ಚುನಾವಣೆಗೆ ಟಿಕೆಟ್ ಇಲ್ಲ. ಅವ್ವ ಟಿಕೆಟ್ಟಿನ ಮಾತಿಗೆ ಜಗ್ಗಲಿಲ್ಲ. ತಾಯಿಯ ವಿಷಯ ಕೇಳಿದ ಮೇಲೆ ಮಾತ್ರ ಆ ಹೊತ್ತು ಉಣ್ಣಲಿಲ್ಲವಂತೆ.

ಕಂಪ್ಲಿಯ ಅಕ್ಕಿ ಗಿರಣಿಯ ಅಂಗಳದಲ್ಲಿ ಸಭೆ. ಇಂಜಿನಿಯರು ಮುಂದಿನ ಸಾಲಿನಲ್ಲಿ, ಬೋಳಿಸಿದ ತಲೆಯ ಮೇಲೆ ಆಗಷ್ಟೇ ಕೂದಲು ಚಿಗುರುತ್ತಿದ್ದವು. ಹಿರಿಯರು ನನ್ನ ಕಿವಿಯಲ್ಲಿ, "ಇವತ್ತೊಂದು ಬೈಗುಳ ಹೊರಗ ಬಂದ್ರ ನಿನ್ನ ಸೆಟ್ಟು ತುಂಗಭದ್ರಾ ಪಾಲು" ಎಂದಿದ್ದರು.

ಅವ್ವ ಎದ್ದಳು. ಮುಂದೆ ಎತ್ತರದ ಮೇಜು. ಕಾಲುವೆ, ಸಸಿ, ನೀರು ಎಂದು ನಾಲ್ಕು ಮಾತಾಡಿ ಇಂಜಿನಿಯರ ಕಡೆ ತಿರುಗಿದಳು. ಕೈ ಸೆರಗಿಗೆ ಹೋಯಿತು. ನಾನು ಗುಂಡಿ ತಿರುಗಿಸಿದೆ. ಜನ ಎಂದಿನಂತೆ ಒಂದೇ ದನಿಯಲ್ಲಿ ಕೂಗಿದರು:

"ಹಾಟ್ಯಾನ್ ಮಗನ!"

ಕೂಗು ಮುಗಿದ ಮೇಲೆ ವೇದಿಕೆಯ ಪಕ್ಕದಿಂದ ನೋಡುತ್ತೇನೆ, ಸೆರಗು ಸೊಂಟಕ್ಕೆ ಹೋಗಿರಲಿಲ್ಲ. ಅದನ್ನು ಎರಡೂ ಕೈಯಲ್ಲಿ ಚಾಚಿ ಹಿಡಿದು ಆಕೆ ಸೆರಗೊಡ್ಡಿ ನಿಂತಿದ್ದಳು. ತುಟಿ ಅಲುಗುತ್ತಿತ್ತು, ದನಿ ಇರಲಿಲ್ಲ. ಮೇಜಿನ ಮರೆಯಿಂದಾಗಿ ಜನಕ್ಕೆ ಅದು ಕಾಣಲೂ ಇಲ್ಲ. ಇಂಜಿನಿಯರು ಎದ್ದು ಜೀಪಿನತ್ತ ನಡೆದುಬಿಟ್ಟರು.

ನಾನು ಕೈಗೆ ಸಿಕ್ಕ ಮೈಕು ಹಿಡಿದು, "ತಪ್ಪು ನಂದ್ರೀ! ಅವ್ವ ಬೈದಿಲ್ಲ, ನಾನ ಬಂದ್ ಮಾಡೀನಿ!" ಎಂದು ಕೂಗಿದೆ. ಜನ ಬಿದ್ದು ಬಿದ್ದು ನಕ್ಕರು. "ಏ ಮುದುಕಪ್ಪಾ, ಇದು ಹೊಸಾ ಆಟೇನಲೇ?" ಎಂದ ಹಿಂದಿನ ಸಾಲಿನವನೊಬ್ಬ. ನಲವತ್ತು ವರ್ಷ ಎಲ್ಲರನ್ನೂ ಆಟ ಆಡಿಸಿದ ನಾನು ಮೊದಲ ಸಲ ನಿಜ ಹೇಳಿದ್ದೆ, ಅದನ್ನು ನಂಬುವವರು ಒಬ್ಬರೂ ಇರಲಿಲ್ಲ.

ಅವ್ವ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಸೆರಗು ಹಿಡಿದ ಹಾಗೆಯೇ ಮೆಟ್ಟಿಲಿಳಿದು ಭತ್ತದ ರಾಶಿಗಳ ನಡುವೆ ನಡೆದು ಜೀಪಿನ ಬಾಗಿಲ ಮುಂದೆ ನಿಂತಳು. ನಾನು ಹಿಂದೆಯೇ ಓಡಿದೆ.

"ನೋಡಪಾ," ಎಂದಳು, "ನಿಮ್ಮವ್ವನ್ನ ತಗದು ಮಾತಾಡಿದ್ದು ನನ್ನ ತಪ್ಪು. ಆಕಿ ಹೋಗ್ಯಾಳಂತ ಗೊತ್ತಿರ್ಲಿಲ್ಲ. ಗೊತ್ತಿದ್ರೂ ಗೊತ್ತಿರದಿದ್ರೂ ಅದು ತಪ್ಪ. ಮಾಫ್ ಮಾಡು. ನೀರಿನ ಬಗ್ಗಿ ಬೈದೀನಲ್ಲ, ಅದಕ್ಕ ಮಾಫಿ ಕೇಳಂಗಿಲ್ಲ. ನೀರು ನಿಂತ್ರ ನಾಳೆನೂ ಬೈತೀನಿ."

ಇಂಜಿನಿಯರು ಕೀಲಿ ತಿರುಗಿಸಿ ಜೀಪಿನ ಎಂಜಿನ್ ಆರಿಸಿದರು. ಆಮೇಲೆ, "ಸೆರಗು ಕೆಳಗ ಬಿಡ್ರೀ ಅವ್ವ," ಎಂದರು, "ಜನ ನೋಡಾಕತ್ತಾರ."

ಮರುದಿನ ದೂರು ವಾಪಸಾಯಿತು. ಆದರೆ ಅಷ್ಟರಲ್ಲಿ ಐನೂರು ಬಾಯಿಯ ಕೂಗು ಎಲ್ಲರ ಮೊಬೈಲಿನಲ್ಲೂ ಓಡಾಡುತ್ತಿತ್ತು. ಹಿರಿಯರು ಅದನ್ನೇ ನೆಪ ಮಾಡಿ ಟಿಕೆಟನ್ನು ಸಭ್ಯ ಬಾಯಿಯವರೊಬ್ಬರಿಗೆ ಕೊಟ್ಟರು.

ನಾನು ಅವ್ವನ ಮನೆಗೆ ಹೋದೆ. ಅಂಗಳದಲ್ಲಿ ಕುಳಿತು ಅಕ್ಕಿ ಹಸನು ಮಾಡುತ್ತಿದ್ದಳು.

"ಬಾ ಯಜಮಾನಪ್ಪ, ಕುಂದ್ರು. ಚಾ ಕುಡಿತಿಯೇನು?"

"ಅವ್ವಾ, ನಿನ್ನ ಟಿಕೆಟ್ ನನ್ನಿಂದ ಹೋತು. ಒಂದ್ಸಲ ಬಾಯ್ತುಂಬ ಬೈದುಬಿಡವ್ವಾ."

ಆಕೆ ಮೊರದಿಂದ ಕಲ್ಲೊಂದನ್ನು ಆರಿಸಿ ಎಸೆದಳು. "ನನ್ನ ಬಾಯಾಗ ಬೈಸ್ಕೋಬೇಕಂದ್ರ ದೊಡ್ಡ ಕುರ್ಚಿಯಾಗ ಕುಂತಿರಬೇಕಪ್ಪ. ನೀ ಯಾವ ಕುರ್ಚಿಯಾಗ ಕುಂತಿದ್ದಿ?"

ನನ್ನ ಜೀವಮಾನದಲ್ಲೇ ಅಂಥ ಏಟು ಬಿದ್ದಿರಲಿಲ್ಲ. ಕೊಟ್ಟ ಚಹಾ ಕುಡಿದು ಬಾಯಿ ಮುಚ್ಚಿಕೊಂಡು ಎದ್ದು ಬಂದೆ.

ಹದಿನೈದು ದಿನ ಕಳೆದ ಮೇಲೆ ಮತ್ತೆ ನೀರು ಕಮ್ಮಿಯಾಯಿತು. ಅವ್ವ ಈಗ ಯಾವ ಹುದ್ದೆಯ ಅಭ್ಯರ್ಥಿಯೂ ಅಲ್ಲ, ಆದರೂ ಹೆಂಗಸರ ಜೊತೆ ಕಾಲುವೆ ಏರಿಯ ಮೇಲೆ ನಿಂತಿದ್ದಳು. ಸುಮ್ಮನೆ ನೋಡಲು ನಾನೂ ಹೋಗಿದ್ದೆ. ಇಂಜಿನಿಯರು ಜೀಪಿನಿಂದ ಇಳಿದದ್ದೇ ತಡ, ಸೆರಗು ಸೊಂಟಕ್ಕೇರಿತು. ಆತನ ಜೀಪು, ಆತನ ಬೂಟು, ಆತನ ಅಳತೆ ಟೇಪು, ಆತ ಓದಿದ ಕಾಲೇಜು, ಆ ಕಾಲೇಜು ಕಟ್ಟಿದ ಮೇಸ್ತ್ರಿ, ಒಬ್ಬರನ್ನೂ ಆಕೆ ಬಿಡಲಿಲ್ಲ. ಹೆತ್ತವಳೊಬ್ಬಳ ಗೋಜಿಗೆ ಮಾತ್ರ ಹೋಗಲಿಲ್ಲ. ನಡುನಡುವೆ ಯಾವ ತೂಬಿಗೆ ಹೂಳು ತುಂಬಿದೆ, ಯಾರು ಕದ್ದು ಪೈಪು ಇಳಿಸಿದ್ದಾರೆ ಎಂಬುದೆಲ್ಲ ಬಂದುಹೋಯಿತು.

ಇಂಜಿನಿಯರು ಜೇಬಿನಿಂದ ಡೈರಿ ತೆಗೆದು ಬರೆದುಕೊಳ್ಳುತ್ತಿದ್ದರು. ಅವ್ವ ಉಸಿರು ತೆಗೆದುಕೊಳ್ಳಲು ನಿಂತಾಗ ತಲೆ ಎತ್ತಿದರು.

"ಬಾಡ್ಯಾ ಅಂದ್ರಲ್ರೀ ಅವ್ವ, ಅದಕ್ಕಿಂತ ಮುಂಚೆ ಹೇಳಿದ್ದು ಎಷ್ಟನೇ ತೂಬು?"